ಗೋಳಗುಮ್ಮಟ ಮತ್ತು ನಿಮ್ಮ ಬೈಕಿನ ಸೈಲೆನ್ಸರ್: ಮನೆಯಲ್ಲೇ ಬದಲಿಸುವ ಮೊದಲು ಇದನ್ನು ನೋಡಿ

[ಸ್ಕ್ರೀನ್: ವಿಜಯಪುರ, ಬೆಳಗಿನ ಹೊತ್ತು. ಗೋಳಗುಮ್ಮಟ ಕಾಣುವ ರಸ್ತೆ. ಬದಿಗೆ ಸ್ಟ್ಯಾಂಡ್ ಹಾಕಿದ ಬೈಕ್.]

ಎಲ್ಲರಿಗೂ ನಮಸ್ಕಾರ್ರಿ. ಇಂಡಿ ತಾಲೂಕಿನ ಒಬ್ಬ ತಮ್ಮ ಹೋದ ವಾರ ನನಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಅವನ ಮಾತಿನಲ್ಲೇ ಹೇಳುತ್ತೇನೆ. "ಅಣ್ಣಾ, ಆನ್‌ಲೈನ್‌ದಾಗ ಒಂದು ಸೈಲೆನ್ಸರ್ ನೋಡೀನಿ. ಮನ್ಯಾಗ ನಾನೇ ಹಾಕ್ಕೋಬಹುದೇನು? ಮತ್ತ ಅದನ್ನ ಹಾಕಿದ್ರ ಗಾಡಿ ಜೋರ್ ಓಡತೈತಿ ಅಂತಾರಲ್ಲ, ಖರೆ ಏನು?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹಾಕಿಕೊಳ್ಳಬಹುದು. ಎರಡನೇ ಪ್ರಶ್ನೆ ಮಾತ್ರ ನನ್ನನ್ನು ಸೀದಾ ಈ ಗುಮ್ಮಟದ ಮೆಟ್ಟಿಲು ಹತ್ತಿಸಿತು. ಯಾಕೆ ಅಂತ ಹೇಳುತ್ತೇನೆ.

ಮೂಲ ವಿಷಯ ಬೇಗ ಮುಗಿಸೋಣ. ಇಂಜಿನ್ನಿನಿಂದ ಹೊಗೆ ಬೆಂಡ್ ಪೈಪಿಗೆ ಬರುತ್ತದೆ, ಅಲ್ಲಿಂದ ಸೈಲೆನ್ಸರಿಗೆ, ಅಲ್ಲಿಂದ ಹೊರಗೆ. ಹಿಂದಿನ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಅದು ಸ್ಲಿಪ್ ಆನ್. ಬೆಂಡ್ ಪೈಪ್ ಸಮೇತ ಬದಲಿಸಿದರೆ ಫುಲ್ ಸಿಸ್ಟಮ್. ಮೊದಲ ಸಲ ಕೈ ಹಾಕುವವರಿಗೆ ಸ್ಲಿಪ್ ಆನ್ ಸಾಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗೆಗೆ ಮಿತಿ ಹಾಕುವ ಸರ್ಕಾರದ ನಿಯಮ) ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಅದು ಬೆಂಡ್ ಪೈಪಿನಲ್ಲಿದ್ದರೆ ಸ್ಲಿಪ್ ಆನ್ ಹಾಕಿದರೂ ಅದಕ್ಕೆ ಧಕ್ಕೆ ಇಲ್ಲ. ಆದರೆ ನಮ್ಮ ಕಡೆ ಜಾಸ್ತಿ ಓಡುವ ಸಣ್ಣ ಗಾಡಿಗಳಲ್ಲಿ ಬೆಂಡ್ ಪೈಪ್, ಸೈಲೆನ್ಸರ್ ಎರಡೂ ಒಂದೇ ತುಂಡು ಆಗಿರುವುದು ಹೆಚ್ಚು. ಅಂಥದ್ದನ್ನು ಬಿಚ್ಚಿ ಬೇರೆ ಹಾಕಿದರೆ ಕನ್ವರ್ಟರ್ ಕೂಡ ಹೋಯಿತು. ಆ ಕೆಲಸ ಮಾಡಬೇಡಿ. ನಮ್ಮ ಇಂಡಿ ತಮ್ಮನದು 350 ಸಿಸಿ ಗಾಡಿ, ಕನ್ವರ್ಟರ್ ಮುಂದಿದೆ, ಸೈಲೆನ್ಸರ್ ಬೇರೆ. ಅವನಿಗೆ ದಾರಿ ಇದೆ.

[ಸ್ಕ್ರೀನ್: ಗುಮ್ಮಟದ ಒಳಗಿನ ಗ್ಯಾಲರಿ. ಒಂದು ಚಪ್ಪಾಳೆ. ಸದ್ದು ಮರಳಿ ಮರಳಿ ಕೇಳುತ್ತದೆ.]

ಈಗ ಗುಮ್ಮಟಕ್ಕೆ ಬನ್ನಿ. ಇದು ಮುಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಅವನು ತೀರಿಕೊಂಡ ಕಾಲದ್ದು. ಶಾಲೆಯ ಟ್ರಿಪ್‌ಗೆ ಬಂದವರೆಲ್ಲ ಮೇಲೆ ಹತ್ತಿ ಕೂಗಿ, ಸದ್ದು ಏಳು ಸಲ ಕೇಳುತ್ತದಾ ಅಂತ ಎಣಿಸಿದವರೇ ಅಲ್ವಾ? ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿ ಇಟ್ಟವರಿಗೆ ಕೇಳುತ್ತದೆ. ಸದ್ದು ನಡುವಿನ ಖಾಲಿ ಜಾಗ ದಾಟಿ ಹೋಗುವುದಲ್ಲ. ಬಾಗಿದ ಗೋಡೆಗೆ ತಾಗುತ್ತ, ತಾಗುತ್ತ, ಗೋಡೆ ಹಿಡಿದುಕೊಂಡೇ ಸುತ್ತು ಹಾಕಿ ಹೋಗುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ಹೀಗೇ ಆಗುತ್ತದೆ. ಅಲ್ಲಿ ಇದರ ಲೆಕ್ಕ ಬಿಡಿಸಿದವನು ಲಾರ್ಡ್ ರೇಲೀ ಎನ್ನುವ ವಿಜ್ಞಾನಿ.

ನಮ್ಮ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ನೀವು ಹೊಡೆದ ಚಪ್ಪಾಳೆ ಎದುರು ಗೋಡೆ ಮುಟ್ಟಿ ವಾಪಸ್ ಬರಲು ಸುಮಾರು 0.22 ಸೆಕೆಂಡ್ ಬೇಕು. ಎರಡು ಸದ್ದಿನ ನಡುವೆ 0.1 ಸೆಕೆಂಡಿನಷ್ಟು ಬಿಡುವು ಇದ್ದರೆ ನಮ್ಮ ಕಿವಿ ಅವನ್ನು ಬೇರೆ ಬೇರೆ ಅಂತ ಗುರುತಿಸುತ್ತದೆ. ಹಾಗಾಗಿ ಮರಳಿ ಬಂದ ಸದ್ದು ಇನ್ನೊಂದು ಚಪ್ಪಾಳೆಯಾಗಿಯೇ ಕೇಳುತ್ತದೆ. ಗಟ್ಟಿ ಗಾರೆಯ ಗೋಡೆ ಸದ್ದನ್ನು ನುಂಗುವುದು ಕಡಿಮೆ. ಅದಕ್ಕೇ ಅದು ಮತ್ತೆ ಮತ್ತೆ ತಿರುಗುತ್ತದೆ.

ಈಗ ಇದೇ ಆಟವನ್ನು ಒಂದು ಅಡಿ ಉದ್ದದ ಡಬ್ಬಿಯೊಳಗೆ ಆಡಿ. ಬಿಸಿ ಹೊಗೆಯಲ್ಲಿ ಸದ್ದು ಇನ್ನೂ ಜೋರಾಗಿ ಓಡುತ್ತದೆ, ಸೆಕೆಂಡಿಗೆ 500 ಮೀಟರ್ ಅಂತ ಹಿಡಿಯಿರಿ. ಒಂದು ಅಡಿ ಹೋಗಿ ಬರಲು 1.2 ಮಿಲಿಸೆಕೆಂಡ್. ಕಿವಿಗೆ ಬೇರೆಯಾಗಿ ಕೇಳಿಸಲು ಬಿಡುವೇ ಇಲ್ಲ. ಮರಳಿ ಬಂದ ಅಲೆ ಹೋಗುತ್ತಿರುವ ಅಲೆಯ ಮೇಲೆಯೇ ಬೀಳುತ್ತದೆ. ಡಬ್ಬಿಯ ಅಳತೆ ಸರಿಯಾಗಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಸೊರಗುತ್ತವೆ. ಕಂಪನಿಯ ಸೈಲೆನ್ಸರ್ ಒಳಗೆ ಇರುವ ಕೋಣೆಗಳು, ಅಡ್ಡ ತಗಡುಗಳು, ಸಣ್ಣ ಕೊಳವೆಗಳು ಇದಕ್ಕಾಗಿಯೇ.

ಗುಮ್ಮಟದಲ್ಲಿ ಸದ್ದನ್ನು ಮತ್ತೆ ಮತ್ತೆ ಕೇಳಿಸುವ ಪ್ರತಿಫಲನವೇ ಸೈಲೆನ್ಸರಿನಲ್ಲಿ ಸದ್ದನ್ನು ಅಡಗಿಸುತ್ತದೆ. ಇದು ತಲೆಗೆ ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎಂಥ ಚೆಂದದ ಕೆಲಸ ನೋಡಿ! ಅದನ್ನು ಸುಮ್ನೆ ಒಂದು ತಗಡಿನ ಡಬ್ಬಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೊರಗೆ ಸಿಗುವ ಸೈಲೆನ್ಸರುಗಳಲ್ಲಿ ಈ ಕೋಣೆಗಳು ಇರುವುದು ಕಡಿಮೆ. ನಡುವೆ ತೂತು ತೂತಿನ ಒಂದು ನೇರ ಕೊಳವೆ, ಅದರ ಸುತ್ತ ಗ್ಲಾಸ್ ವುಲ್. ಸದ್ದು ಆ ಉಣ್ಣೆಯಂಥ ನಾರಿನೊಳಗೆ ಹೊಕ್ಕು ಬಿಸಿಯಾಗಿ ಕರಗುತ್ತದೆ. ವರ್ಷಗಳು ಕಳೆದಂತೆ ಈ ನಾರು ಸುಟ್ಟು ಸವೆಯುತ್ತದೆ, ಆಗ ಸದ್ದು ಏರುತ್ತದೆ. ಮತ್ತೆ ತುಂಬಿಸಬೇಕು. ಬಾಯಿಯ ಹತ್ತಿರ ಸದ್ದು ತಗ್ಗಿಸುವ ಒಂದು ಸಣ್ಣ ತುಂಡು ಇರುತ್ತದೆ, ಅದಕ್ಕೆ ಡಿಬಿ ಕಿಲ್ಲರ್ ಅನ್ನುತ್ತಾರೆ. ಒಂದೇ ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಅದನ್ನು ತೆಗೆಯಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಹಾಗಾದರೆ ಗಾಡಿ ಜೋರಾಗಿ ಓಡುತ್ತದಾ?

[ಸ್ಕ್ರೀನ್: ಕೈಯಲ್ಲಿ ಬರೆದ ಚಿತ್ರ. ವಾಲ್ವ್, ಪೈಪ್, ಹೋಗುವ ಅಲೆ, ಬರುವ ಅಲೆ.]

ಸದ್ದು ಜಾಸ್ತಿ ಆಯಿತು ಅಂದರೆ ಶಕ್ತಿ ಜಾಸ್ತಿ ಆಯಿತು ಅಂತಲ್ಲ. ಪೈಪಿನ ತೆರೆದ ಬಾಯಿಗೆ ಹೋದ ಒತ್ತಡದ ಅಲೆ ಮರಳಿ ಬರುವಾಗ ಎಳೆತದ ಅಲೆಯಾಗಿ ಬರುತ್ತದೆ. ಹೊಗೆಯ ವಾಲ್ವ್ ಮುಚ್ಚುತ್ತಿರುವಾಗ, ಒಳಗೆ ತೆಗೆದುಕೊಳ್ಳುವ ವಾಲ್ವ್ ತೆರೆಯುತ್ತಿರುವಾಗ ಆ ಎಳೆತ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಶಕ್ತಿ ಸಿಗುವುದು ಇಲ್ಲಿ. ಆದರೆ ಒಂದು ಮೀಟರ್ ಪೈಪಿನಲ್ಲಿ ಹೋಗಿ ಬರಲು ಸುಮಾರು 4 ಮಿಲಿಸೆಕೆಂಡ್. 6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6000 ಸುತ್ತಿನಲ್ಲಿ, ಇಂಜಿನ್ ಒಂದು ಸುತ್ತು ತಿರುಗಲು 10 ಮಿಲಿಸೆಕೆಂಡ್, 3000ದಲ್ಲಿ 20. ಅಲೆ ಒಂದೇ ವೇಗದಲ್ಲಿ ಬರುತ್ತದೆ, ವಾಲ್ವಿನ ಸಮಯ ಬದಲಾಗುತ್ತದೆ. ಒಂದು ಆರ್‌ಪಿಎಂನಲ್ಲಿ ಕೂಡಿಬಂದದ್ದು ಇನ್ನೊಂದರಲ್ಲಿ ತಪ್ಪಿಹೋಗುತ್ತದೆ. ಕಂಪನಿಯವರು ಪೈಪಿನ ಉದ್ದ, ಅಗಲ ಅಳೆದು ಇಟ್ಟಿರುತ್ತಾರೆ. ಹೆಚ್ಚು ಅಗಲದ ಪೈಪ್ ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಎಳೆಯುವ ಶಕ್ತಿಯೇ ಬಿದ್ದುಹೋಗಬಹುದು. ಸೋಲಾಪುರ ರೋಡಿನಲ್ಲಿ ಲಾರಿ ಹಿಂದೆ ನಿಧಾನಕ್ಕೆ ಹೋಗುವಾಗ ನಿಮಗೆ ಬೇಕಾಗುವುದು ಆ ಶಕ್ತಿಯೇ.

ಸ್ಲಿಪ್ ಆನ್ ಒಂದರಿಂದ ಸಿಗುವುದು ಮುಖ್ಯವಾಗಿ ಎರಡು. ಕಡಿಮೆ ತೂಕ, ಬೇರೆ ಥರದ ದನಿ. ಶಕ್ತಿ ಹೆಸರಿಗಷ್ಟೇ. ಆ ದನಿಗಾಗಿ, ತೂಕಕ್ಕಾಗಿ ಹಾಕುತ್ತೀರಾದರೆ ಹಾಕಿ.

[ಸ್ಕ್ರೀನ್: ಮನೆಯ ಅಂಗಳ. ಪಾನಾಗಳು, ತುಕ್ಕು ಬಿಡಿಸುವ ಸ್ಪ್ರೇ, ಹಳೆಯ ಬಟ್ಟೆ.]

ಈಗ ಕೆಲಸಕ್ಕೆ ಬರೋಣ. ಎಲ್ಲರೂ ಹೊಸ ಸೈಲೆನ್ಸರ್ ಕೂರಿಸುವುದು ಕಷ್ಟ ಅಂದುಕೊಳ್ಳುತ್ತಾರೆ. ಕಷ್ಟ ಇರುವುದು ಹಳೆಯದನ್ನು ಬಿಚ್ಚುವುದರಲ್ಲಿ. ಅದರಲ್ಲೂ ಬೆಂಡ್ ಪೈಪನ್ನು ಇಂಜಿನ್ ಹೆಡ್ಡಿಗೆ ಹಿಡಿದಿರುವ ಎರಡು ನಟ್‌ಗಳಲ್ಲಿ. ದಿನವೂ ಕಾದು, ದಿನವೂ ತಣ್ಣಗಾಗಿ, ಮಳೆ ನೀರು ಕುಡಿದು ಅವು ಸ್ಟಡ್ಡಿಗೆ (ಹೆಡ್ಡಿನಲ್ಲಿ ಕೂತ, ತಲೆ ಇಲ್ಲದ ಬೋಲ್ಟಿಗೆ) ಅಂಟಿಕೊಂಡಿರುತ್ತವೆ.

ಕೆಲವು ವರ್ಷದ ಹಿಂದೆ ನನ್ನ ಹಳೆಯ 100 ಸಿಸಿ ಗಾಡಿಯ ಸೈಲೆನ್ಸರ್ ಕೊಳೆತು ತೂತು ಬಿದ್ದಿತ್ತು. ಹೊಸದು ತಂದೆ. ನಟ್ ಬರಲಿಲ್ಲ. ಪಾನಾಗೆ ಒಂದು ಪೈಪ್ ತೂರಿಸಿ ಒತ್ತಿದೆ. ಟಕ್ ಅಂತ ಸದ್ದು. ನಟ್ ತಿರುಗಿತು ಅಂತ ಖುಷಿಪಟ್ಟೆ. ನೋಡಿದರೆ ಸ್ಟಡ್ಡೇ ಮುರಿದಿತ್ತು, ಅರ್ಧ ಹೆಡ್ಡಿನೊಳಗೇ ಉಳಿದಿತ್ತು. ಗಾಡಿ ತಳ್ಳಿಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ಬೈಯಲಿಲ್ಲ. ಮುರಿದ ತುದಿಯ ಮೇಲೆ ಒಂದು ನಟ್ ಇಟ್ಟು, ನಡುವೆ ವೆಲ್ಡ್ ಮಾಡಿ, ಕಾವು ಇರುವಾಗಲೇ ಹಿಂದೆ ಮುಂದೆ ತಿರುವುತ್ತ ನಿಧಾನಕ್ಕೆ ಹೊರಗೆ ತಂದರು. "ತಮ್ಮಾ, ತುಕ್ಕ ಹಿಡಿದದ್ದಕ್ಕ ಜೋರ್ ಮಾಡಬಾರದು. ರಾತ್ರಿ ಎಣ್ಣಿ ಕುಡಿಸಿ ಮಲಗಬೇಕು" ಅಂದರು. ಇವತ್ತಿಗೂ ಹಾಗೇ ಮಾಡುತ್ತೇನೆ. ಹಿಂದಿನ ರಾತ್ರಿ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಇಂಜಿನ್ ಪೂರ್ತಿ ತಣ್ಣಗಿರಲಿ. ಕಾಲು ಸುತ್ತು ಬಿಚ್ಚಿ, ಬಿಗಿಯಾದರೆ ವಾಪಸ್ ತಿರುವಿ, ಮತ್ತೆ ಬಿಚ್ಚಿ. ಸ್ಲಿಪ್ ಆನ್ ಆದರೆ ಹೆಡ್ಡಿನ ನಟ್ ಮುಟ್ಟುವ ಅಗತ್ಯವೇ ಇಲ್ಲ. ನಡುವಿನ ಕ್ಲಾಂಪಿಗೂ ಇದೇ ಉಪಚಾರ ಮಾಡಿ.

ಪೈಪಿನಲ್ಲಿ ಹೊಗೆಯೊಳಗಿನ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಇದ್ದರೆ ಅದರ ವೈರ್ ತಿರುಚಬೇಡಿ. ಮೊದಲು ಕನೆಕ್ಟರ್ ತೆಗೆಯಿರಿ, ಆಮೇಲೆ ಸೆನ್ಸರ್. ತುದಿಗೆ ಗ್ರೀಸ್ ತಾಗಬಾರದು, ಸಿಲಿಕಾನ್ ಅಂಟಂತೂ ಹತ್ತಿರವೂ ಬೇಡ.

ಕೂರಿಸುವಾಗ ಒಂದು ಕ್ರಮ ಇದೆ. ಮೊದಲು ಎಲ್ಲ ನಟ್ ಬೋಲ್ಟ್ ಕೈಯಲ್ಲೇ ತಿರುವಿ ಸಡಿಲವಾಗಿ ನಿಲ್ಲಿಸಿ. ಪೈಪ್ ತನ್ನ ಜಾಗ ತಾನೇ ಹುಡುಕಿಕೊಳ್ಳಲಿ. ಆಮೇಲೆ ಹೆಡ್ಡಿನ ಕಡೆ ಬಿಗಿ ಮಾಡಿ, ನಂತರ ನಡುವಿನ ಕ್ಲಾಂಪ್, ಕೊನೆಗೆ ಹಿಂದಿನ ಬ್ರಾಕೆಟ್. ಉಲ್ಟಾ ಮಾಡಿದರೆ ಪೈಪ್ ಎಳೆದು ಕಟ್ಟಿದಂತೆ ಆಗುತ್ತದೆ, ಓಡುವಾಗಿನ ನಡುಕಕ್ಕೆ ಬ್ರಾಕೆಟ್ ಸೀಳುತ್ತದೆ. ಹೆಡ್ಡಿನಿಂದ ಬೆಂಡ್ ಪೈಪ್ ಬಿಚ್ಚಿದ್ದರೆ ನಡುವೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಬಳೆ ಹೊಸದೇ ಹಾಕಿ. ಅದು ಒಂದು ಸಲ ಒತ್ತಿ ಚಪ್ಪಟೆಯಾದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಎಷ್ಟು ಬಿಗಿ? ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು. ಅಂದಾಜಿಗೆ, 6 ಎಂಎಂನ ಸಣ್ಣ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 5 ಕೆಜಿ ಜೋಳದ ಚೀಲ ತೂಗುಹಾಕಿದಷ್ಟು ಭಾರ ಅದು. ನಾವು ಮೈಮೇಲೆ ಬಿದ್ದು ಒತ್ತುವುದಕ್ಕೆ ಹೋಲಿಸಿದರೆ ಎಷ್ಟು ಕಡಿಮೆ ನೋಡಿ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಜಾಯಿಂಟ್ ಸೋರಿದರೆ ಹೊಗೆ ಹೊರಗೆ ಬರುವುದು ಸರಿ. ಆದರೆ ಗಾಳಿ ಒಳಗೂ ಹೋಗುತ್ತದೆ! ಆಗಲೇ ಹೇಳಿದ ಎಳೆತದ ಅಲೆ ಇದೆಯಲ್ಲ, ಅದು ಸಂದಿಯಿಂದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆ ಆಯಿತು ಅಂದುಕೊಳ್ಳುತ್ತದೆ. ಇಂಜಿನ್ ಕಂಪ್ಯೂಟರ್ ಬೇಡದ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು. ಆಕ್ಸಿಲೇಟರ್ ಬಿಟ್ಟಾಗ ಪಟ್ ಪಟ್ ಅನ್ನುವುದಕ್ಕೂ ಬಹಳ ಸಲ ಇದೇ ಕಾರಣ. ಕೆಲವರು ಆ ಪಟ್ ಪಟ್ ಸದ್ದನ್ನೇ ಇಷ್ಟಪಡುತ್ತಾರೆ. ನನಗೆ ಅದು ಜಾಯಿಂಟ್ ನೋಡಿಸಿಕೊಳ್ಳಿ ಅನ್ನುವ ಕರೆ.

[ಸ್ಕ್ರೀನ್: ಜಾಯಿಂಟಿಗೆ ಸೋಪಿನ ನೀರು. ಗುಳ್ಳೆ ಏಳುತ್ತಿದೆ.]

ವಿಡಿಯೋ ಉದ್ದ ಆಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತಣ್ಣಗಿರುವಾಗ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಸ್ಟಾರ್ಟ್ ಮಾಡಿ, ಗುಳ್ಳೆ ಬಂದರೆ ಸೋರಿಕೆ. ಸ್ಟಾರ್ಟ್ ಮಾಡುವ ಮೊದಲು ಪೈಪ್ ಪೂರ್ತಿ ಒರೆಸಿ, ಬೆರಳಿನ ಎಣ್ಣೆ ಕಾದರೆ ಕಲೆ ಅಳಿಯುವುದಿಲ್ಲ. ಮೊದಲ ಕೆಲವು ನಿಮಿಷ ತುಸು ಹೊಗೆ ಬಂದರೆ ಗಾಬರಿ ಬೇಡ, ಹೊಸ ಪೈಪಿನ ಎಣ್ಣೆ ಅದು. ಬ್ರೇಕ್ ಪೆಡಲ್, ಸ್ವಿಂಗ್ ಆರ್ಮ್, ಡಬಲ್ ಸ್ಟ್ಯಾಂಡ್ ಎಲ್ಲೂ ತಾಗಬಾರದು. ಹಿಂದೆ ಕೂರುವವರ ಕಾಲು ಸುಡದಂತೆ ಹೀಟ್ ಶೀಲ್ಡ್ ಇರಲಿ. ಹೊಲಕ್ಕೆ ಹೋದಾಗ ಬಿಸಿ ಗಾಡಿಯನ್ನು ಕಣಕಿ ಬಣವಿಯ ಹತ್ತಿರ ನಿಲ್ಲಿಸಬೇಡಿ. 100 ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ ಮತ್ತೊಮ್ಮೆ ನೋಡಿ.

ಕಾನೂನಿನ ಮಾತು. ಹೊಸ ಗಾಡಿ ಓಡುವಾಗ ಮಾಡಬಹುದಾದ ಸದ್ದಿಗೆ ಮಿತಿ ಇದೆ. 80ರಿಂದ 175 ಸಿಸಿವರೆಗೆ 77 ಡೆಸಿಬಲ್, ಅದಕ್ಕಿಂತ ದೊಡ್ಡದಕ್ಕೆ 80. ಡೆಸಿಬಲ್ ಲೆಕ್ಕ ನೇರ ಅಲ್ಲ. 20 ಏರಿದರೆ ಸದ್ದಿನ ಶಕ್ತಿ 100 ಪಟ್ಟು. ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಸದ್ದಿನ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಇಲ್ಲ. ದಂಡದ ಮಾತು ಬಿಡಿ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಖಾಲಿ ಪೈಪಿನ ಗಾಡಿ ಹೋದಾಗ ಒಳಗೆ ಈಗಷ್ಟೇ ಮಲಗಿದ ಮಗು ಬೆಚ್ಚಿ ಎದ್ದು ಅತ್ತದ್ದನ್ನು ನಾನು ಕಂಡಿದ್ದೇನೆ. ಆ ಅಳು ನನ್ನ ಕಿವಿಯಲ್ಲಿ ಇನ್ನೂ ಇದೆ.

ಇಂಡಿಯ ತಮ್ಮಾ, ನಿನಗೆ ಇಷ್ಟು ಹೇಳುತ್ತೇನೆ. ಒಳಗೆ ಗ್ಲಾಸ್ ವುಲ್ ಇರುವ, ಡಿಬಿ ಕಿಲ್ಲರ್ ಕೂತಿರುವ, ನಿನ್ನ ಗಾಡಿಯ ಮಾಡೆಲ್ಲಿಗೇ ಮಾಡಿದ, ಸದ್ದು ಈ ಮಿತಿಯೊಳಗೇ ಇರುತ್ತದೆ ಅಂತ ಬರೆದು ಕೊಡುವ ಸೈಲೆನ್ಸರ್ ಸಿಕ್ಕರೆ ಮಾತ್ರ ತಗೋ. ಶನಿವಾರ ರಾತ್ರಿ ಸ್ಪ್ರೇ ಹೊಡೆ, ಭಾನುವಾರ ಬೆಳಿಗ್ಗೆ ಬಿಚ್ಚು. ಹಳೆಯ ಸೈಲೆನ್ಸರನ್ನು ಗುಜರಿಗೆ ಕೊಡಬೇಡ. ಎಣ್ಣೆ ಒರೆಸಿ, ಗೋಣಿ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡು. ಗಾಡಿ ಮಾರುವಾಗ ಬೇಕಾಗುತ್ತದೆ.

[ಸ್ಕ್ರೀನ್: ಬೈಕ್ ಸ್ಟಾರ್ಟ್. ಮೆಲ್ಲನೆಯ ದನಿ. ಹಿಂದೆ ಗುಮ್ಮಟ.]