ಬಚ್ಚಲ ಬಾಯಿಯ ಬಾಳೆ

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಆರೂವರೆಗೆ ನಮ್ಮ ಬಚ್ಚಲಿನಲ್ಲಿ ಮೊದಲ ಚೆಂಬು ನೀರು ಬಿದ್ದ ಸದ್ದು ಕೇಳಿದರೆ ಸಾಕು, ಹಿತ್ತಲಿಗೆ ಒಂದು ಹಕ್ಕಿ ಬಂದು ಕೂರುತ್ತದೆ. ಕಪ್ಪು ಬಿಳುಪು ಮೈ, ಎತ್ತಿ ಹಿಡಿದ ಬಾಲ. ಅದರ ಹೆಸರೇ ಮಡಿವಾಳ ಹಕ್ಕಿ. ಕೂರುವುದೂ ಬಟ್ಟೆ ಒಗೆಯುವ ಕಲ್ಲಿನ ಮೇಲೇ! ಅದಕ್ಕೆ ಬೇಕಾದ್ದು ನೀರಲ್ಲ. ನೀರು ನುಗ್ಗಿದಾಗ ಮಣ್ಣಿನಿಂದ ಗಡಿಬಿಡಿಯಲ್ಲಿ ಹೊರಗೆ ಬರುವ ಹುಳಹುಪ್ಪಟೆ.

ನಮ್ಮದು ಮೈಸೂರಿನ ಹಳೇ ಬಡಾವಣೆಯ ಮನೆ. ಹಿತ್ತಲು ಅಂದರೆ ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲ, ಅಷ್ಟೇ. ಒಂದು ನುಗ್ಗೆ, ಒಂದು ಕರಿಬೇವು, ಎರಡು ಮಲ್ಲಿಗೆ ಗಿಡ, ಬಾಳೆಯ ಒಂದು ಗುಂಪು. ಡಿಸೆಂಬರಿನಲ್ಲಿ ಯಾರ ಹಿತ್ತಲಾದರೂ ಚೆನ್ನಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ನೋಡಬೇಕು.

ಬಾಳೆ ಇರುವುದು ಬಚ್ಚಲ ಕೊಳವೆಯ ಬಾಯಲ್ಲಿ. ನೆಟ್ಟಿದ್ದು ನಮ್ಮ ಅತ್ತೆ. ಸ್ನಾನದ ನೀರು ಇಟ್ಟಿಗೆ ಜೋಡಿಸಿದ ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ ಬುಡಕ್ಕೆ ಹೋಗುತ್ತದೆ. ಒಂದು ಇಟ್ಟಿಗೆ ಸರಿಸಿದರೆ ಅದೇ ನೀರು ನುಗ್ಗೆ ಕಡೆ ತಿರುಗುತ್ತದೆ. ಎರಡು ದಿನ ಬಾಳೆಗೆ, ಒಂದು ದಿನ ನುಗ್ಗೆಗೆ. ಬಾಳೆಗೆ ನೀರು ಬೇಕು, ನಿಜ. ಆದರೆ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಜೊತೆಗೆ ಸೊಳ್ಳೆ ಬೇರೆ. ಅದಕ್ಕೇ ಈ ಇಟ್ಟಿಗೆ ಲೆಕ್ಕ. "ನೀರಿಗೆ ಒಂದೇ ಸಲ ಕೆಲಸ ಕೊಟ್ಟು ಬಿಡಬಾರದು ಕಣಮ್ಮ" ಅನ್ನುತ್ತಿದ್ದರು ಅತ್ತೆ. ನಾನು ಆಗ ಹೊಸ ಸೊಸೆ. ಜಿಪುಣತನ ಅಂದುಕೊಂಡಿದ್ದೆ.

ನನಗೆ ರಸಬಾಳೆ ನೆಡುವ ಆಸೆ ಇತ್ತು. ನಂಜನಗೂಡು ನಮಗೆ ಹತ್ತಿರ ತಾನೇ? ಆದರೆ ಆ ತಳಿಗೆ ಪನಾಮ ಸೊರಗು ರೋಗದ ಕಾಟ ಜಾಸ್ತಿ. ರೋಗ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಕೊನೆಗೆ ಏಲಕ್ಕಿ ಬಾಳೆಯೇ ಗತಿಯಾಯಿತು. ಈಗ ಬೇಜಾರಿಲ್ಲ.

ವಾಷಿಂಗ್ ಮೆಷಿನ್ ಬಂದ ವರ್ಷ ನಾನೊಂದು ಬುದ್ಧಿವಂತಿಕೆ ಮಾಡಿದೆ. ಅದರ ಪೈಪನ್ನು ನೇರವಾಗಿ ಕರಿಬೇವಿನ ಬುಡಕ್ಕೆ ಬಿಟ್ಟೆ. ಅತ್ತೆಯ ಮಾತನ್ನು ಅವರಿಗಿಂತ ಒಂದು ಕೈ ಹೆಚ್ಚೇ ಪಾಲಿಸಿದೆ ಅಂತ ಹೆಮ್ಮೆ! ಮೂರೇ ವಾರ. ಎಲೆಯ ಅಂಚು ಸುಟ್ಟ ಹಾಗೆ ಕಂದಾಯಿತು. ಆಮೇಲೆ ಒಂದೊಂದೇ ಉದುರಿ, ಗಿಡ ಬರೀ ಕಡ್ಡಿಯಾಯಿತು. ಸೋಪಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಅದು ಮಣ್ಣಿನಲ್ಲಿ ಸೇರುತ್ತಾ ಹೋದರೆ, ಬೇರಿನ ಪಕ್ಕದಲ್ಲೇ ನೀರಿದ್ದರೂ ಗಿಡಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಅತ್ತೆ ಬೈಯಲಿಲ್ಲ. ಮಣ್ಣಿಗೆ ನಾಲ್ಕು ಬಕೆಟ್ ಒಳ್ಳೆ ನೀರು ಹೊಯ್ದು ತೊಳೆದರು. ಆಮೇಲೆ ದಿನಾ ಅಕ್ಕಿ ತೊಳೆದ ನೀರು, ವಾರಕ್ಕೊಮ್ಮೆ ನೀರು ಬೆರೆಸಿದ ಹುಳಿ ಮಜ್ಜಿಗೆ. ಜೂನ್‌ನಲ್ಲಿ ಕಡ್ಡಿಯ ತುದಿಯಲ್ಲಿ ಕೆಂಪು ಚಿಗುರು ಕಂಡಾಗ ನಾನು ಒಬ್ಬಳೇ ನಿಂತು ನೋಡಿದೆ. ಆವತ್ತಿನಿಂದ ಸೋಪಿನ ನೀರು ಚರಂಡಿಗೆ, ಕೊನೆಯ ಸಲ ಜಾಲಿಸಿದ ನೀರು ಮಾತ್ರ ಗಿಡಕ್ಕೆ. ಸೊಪ್ಪಿನ ಮಡಿಗೆ ಅದೂ ಇಲ್ಲ. ತಿನ್ನುವ ಎಲೆಗೆ ತರಕಾರಿ ತೊಳೆದ ನೀರೇ ಸರಿ.

ಇದನ್ನೆಲ್ಲ ಕೇಳಿ ನಗುತ್ತಿದ್ದವಳು ಬೆಂಗಳೂರಿನ ನನ್ನ ತಂಗಿ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರಲ್ಲ, ಅದರ ಮುಂದಿನ ಬೇಸಿಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಅವಳ ಫೋನು ಬಂತು. "ಅಕ್ಕಾ, ಆ ಇಟ್ಟಿಗೆ ಕಾಲುವೆ ಹೇಗೆ ಮಾಡೋದು ಹೇಳೇ!" ಅವಳ ಮನೆಯಲ್ಲಿ ಬಚ್ಚಲ ನೀರೆಲ್ಲ ಗೋಡೆಯೊಳಗಿನ ಪೈಪಿನಲ್ಲೇ ಮಾಯವಾಗುತ್ತದೆ. ಕೊನೆಗೆ ಸ್ನಾನಕ್ಕೆ ಕೂರುವಾಗ ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟುಕೊಂಡಳು. ಅವಳ ಗಂಡನಿಗೆ ಅದೊಂದು ಸರ್ಕಸ್ ಆಯಿತು. ಆದರೆ ದಾಸವಾಳ ಉಳಿಯಿತು.

ಇನ್ನು ತರಗೆಲೆ. ಬೇಸಿಗೆಯಲ್ಲಿ ಹಿತ್ತಲು ಗುಡಿಸಿ ಗುಡಿಸಿ ನೆಲ ಬೋಳು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗುಡಿಸಿದ್ದಕ್ಕೆ ಬೆಂಕಿ ಬೇರೆ ಇಡುತ್ತಾರೆ! ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ಬರಿಗಾಲಲ್ಲಿ ಹೋಗಿ ನೋಡಿ. ಬೋಳು ನೆಲದಲ್ಲಿ ನಿಲ್ಲಲು ಆಗುವುದಿಲ್ಲ. ಅಲ್ಲೇ ಪಕ್ಕದಲ್ಲಿ ಒಂದು ಗೇಣು ತರಗು ಹಾಸಿದ ಕಡೆ ಕೈ ತೂರಿಸಿ. ಮೇಲೆ ಗರಿಗರಿ, ನಡುವೆ ಬೆಚ್ಚಗೆ, ತಳದಲ್ಲಿ ತಣ್ಣಗೆ. ಬೆರಳಿಗೆ ಕಪ್ಪು ಮಣ್ಣು ಅಂಟಿಕೊಂಡು ಬರುತ್ತದೆ. ಹಿಂದಿನ ಸಂಜೆ ಹಾಕಿದ ನೀರು ಇನ್ನೂ ಅಲ್ಲಿದೆ ಅಂತ ಅರ್ಥ. ಆದರೆ ಕಾಂಡಕ್ಕೆ ಒತ್ತಿ ಹಾಕಬೇಡಿ, ನಾಲ್ಕು ಬೆರಳು ಬಿಡಿ. ಗೆದ್ದಲು ಹತ್ತುತ್ತದೆ.

ಏಪ್ರಿಲ್ ಅಂದರೆ ಸಂಡಿಗೆ ಕಾಲವೂ ಹೌದು. ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ. ಅಳಿಲಿನ ಕಾವಲಿಗೆ ರಜಕ್ಕೆ ಬಂದ ಮಕ್ಕಳು. ಅಳಿಲಿಗಿಂತ ಅವರೇ ಹಸಿ ಹಿಟ್ಟು ಜಾಸ್ತಿ ತಿನ್ನುತ್ತಾರೆ, ಇರಲಿ ಬಿಡಿ. ಸಾಗರದ ಕಡೆಯವರಾದ ನಮ್ಮ ಅತ್ತಿಗೆ ಬಂದರಂತೂ ದೊಡ್ಡಪತ್ರೆಗೆ ಉಳಿಗಾಲವಿಲ್ಲ, ದಿನಾ ತಂಬುಳಿ.

ಈ ದಿನಗಳಲ್ಲಿ ಎಲ್ಲರ ಕಣ್ಣೂ ಪಂಚಾಂಗದ ಮೇಲೆ. ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ. ಮೊದಲ ಮಳೆಗಿಂತ ಮುಂಚೆ ಗಾಳಿ ಬರುತ್ತದೆ. ನುಗ್ಗೆ ಕೊಂಬೆಗೆ ಗಟ್ಟಿತನ ಕಡಿಮೆ, ಲಟಕ್ಕನೆ ಮುರಿದು ಬೀಳುತ್ತದೆ. ಹೋದ ವರ್ಷ ಕಾಯಿ ತುಂಬಿದ ಕೊಂಬೆಯೊಂದು ಬಟ್ಟೆ ಹಗ್ಗದ ಸಮೇತ ನೆಲಕ್ಕೆ ಬಂತು. ಒಂದು ವಾರ ಇಡೀ ಬೀದಿಗೆ ನುಗ್ಗೆಕಾಯಿ ಹುಳಿ. ಆವತ್ತು ಅರ್ಧ ಗಂಟೆ ಜೋರು ಮಳೆ. ಮಳೆ ನಿಂತ ಮೇಲೆ ಅತ್ತೆ ಕೊಡೆ ಹಿಡಿದು ಹಿತ್ತಲಿಗೆ ಬಂದರು. ಕೈಯಲ್ಲಿ ಅಕ್ಕಿ ತೊಳೆದ ನೀರಿನ ಪಾತ್ರೆ. "ಇಷ್ಟು ಮಳೆ ಬಂದಿದೆಯಲ್ಲ, ಇವತ್ತೂ ಹಾಕಬೇಕಾ?" ಅಂದೆ. "ಚೆಲ್ಲೋದಾದರೂ ಎಲ್ಲಿಗೆ?" ಅಂದು ಕರಿಬೇವಿನ ಬುಡಕ್ಕೇ ಹೊಯ್ದರು.

ಮಲ್ಲಿಗೆ ಬಗ್ಗೆ ಹೇಳಲೇ ಇಲ್ಲ. ಚಳಿಗಾಲದಲ್ಲಿ ಎಲೆ ಸವರಿ ಗಿಡ ಕತ್ತರಿಸಿದ್ದಕ್ಕೆ ಈಗ ಮೈತುಂಬ ಮೊಗ್ಗು. ಮೊಗ್ಗು ಬೆಳ್ಳಗೆ ಉಬ್ಬಿ, ಇನ್ನೂ ಬಾಯಿ ಬಿಡದಿರುವಾಗಲೇ ಬಿಡಿಸಬೇಕು. ಕಟ್ಟಲು ಸುಲಭ, ಮುಡಿದ ಮೇಲೆ ಅರಳುತ್ತದೆ. ನಾನು ಇಲ್ಲೇ ಮಾತಾಡುತ್ತಾ ಕೂತರೆ ಮನೆ ಸೇರುವಷ್ಟರಲ್ಲಿ ಗಿಡದಲ್ಲೇ ಅರಳಿಬಿಟ್ಟಿರುತ್ತದೆ. ಬರುತ್ತೇನೆ, ನಮಸ್ಕಾರ.