ಮೆಣಸಿನ ಕಾಳಿನಷ್ಟು ಚರ್ಮ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ಕುಡಿದವರಿಗೆ ಒಂದು ವಿಷಯ ಗೊತ್ತು. ಸೊಪ್ಪು ನೋಡಲು ಹಸಿರು. ಬೇಯಿಸಿದರೆ ನೀರು ಕಡು ನೇರಳೆ. ಮಾರನೇ ದಿನ ಬಚ್ಚಲಿಗೆ ಹೋದರೆ ಮೂತ್ರ ಕೆಂಪು. ಹೊರಗಿನಿಂದ ಬಂದ ನೆಂಟರು ಅದನ್ನು ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದ್ದೂ ಇದೆ. ಕಣ್ಣಿಗೆ ಕಾಣದೆ ಸೊಪ್ಪಿನಲ್ಲಿ ಅಡಗಿದ್ದನ್ನು ಬಣ್ಣ ಹೊರಗೆ ಹಾಕುತ್ತದೆ. ನನ್ನ ಹೊಟ್ಟೆಪಾಡೂ ಅದೇ. ನಾನು ಪೆಥಾಲಜಿಸ್ಟ್. ರೋಗಿಯ ದೇಹದ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವವನು.

ರೇಡಿಯೊ ನಿಲಯದವರು ಕೊಟ್ಟ ವಿಷಯ ಹೀಗಿದೆ: ‘ಪರಾವಲಂಬಿ ಚರ್ಮರೋಗದ ಪತ್ತೆಯಲ್ಲಿ ಪ್ರತಿಕಾಯ ಆಧಾರಿತ ಅಂಗಾಂಶ ವರ್ಣಲೇಪನ.’ ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿದೆ. ನನಗೇ ನಾಲಿಗೆ ಹೊರಳಲಿಲ್ಲ. ಅದಕ್ಕೆ ಮೊದಲೇ ಸುಲಭ ಮಾಡಿ ಹೇಳಿಬಿಡುತ್ತೇನೆ. ಒಂದು ತಿಂಗಳು ಕಳೆದರೂ ವಾಸಿಯಾಗದ ಹುಣ್ಣು ಮೈಮೇಲೆ ಇದ್ದರೆ, ಮೆಣಸಿನ ಕಾಳಿನಷ್ಟು ಚರ್ಮ ಕೊಡಿ. ಉಳಿದದ್ದು ಮರೆತರೂ ಪರವಾಗಿಲ್ಲ.

ಇವತ್ತಿನ ಕಾಯಿಲೆಯ ಹೆಸರು ಲೀಶ್ಮೇನಿಯಾಸಿಸ್. ಹಳಬರು ದೆಹಲಿ ಕುರು ಎನ್ನುತ್ತಿದ್ದರು. ಬಾಗ್ದಾದಿನಲ್ಲಿ ಬಾಗ್ದಾದ್ ಕುರು, ಅಲೆಪ್ಪೊದಲ್ಲಿ ಅಲೆಪ್ಪೊ ಕುರು. ಇದನ್ನು ಹರಡುವುದು ಮರಳು ನೊಣ. ಹೆಸರು ನೊಣ, ಗಾತ್ರ ಸೊಳ್ಳೆಯ ಮೂರನೇ ಒಂದು ಭಾಗ. ಸೊಳ್ಳೆ ಕಿವಿಯ ಹತ್ತಿರ ಗುಂಯ್ ಎಂದಾದರೂ ಹೇಳಿ ಕಚ್ಚುತ್ತದೆ. ಇದಕ್ಕೆ ಆ ಮರ್ಯಾದೆಯೂ ಇಲ್ಲ. ಕಚ್ಚಿದ ಕಡೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಒಂದು ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದು ಹುಣ್ಣಾಗುತ್ತದೆ. ಅಂಚು ಬದುವಿನ ಹಾಗೆ ಎದ್ದಿರುತ್ತದೆ, ನಡುವೆ ಗುಂಡಿ. ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲ ಅಂತಲೇ ಜನ ಡಾಕ್ಟರ ಹತ್ತಿರ ಹೋಗುವುದಿಲ್ಲ.

ಹುಣ್ಣಿನೊಳಗೆ ಇರುವುದು ಒಂದೇ ಜೀವಕೋಶದ ಜೀವಿ. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 300 ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣದು. ಬೇರೆ ಹೆಚ್ಚಿನ ರೋಗಾಣುಗಳನ್ನು ನಮ್ಮ ಮೈಯ ಕಾವಲು ಜೀವಕೋಶಗಳು ನುಂಗಿ ಮುಗಿಸುತ್ತವೆ. ಇದು ನುಂಗಿಸಿಕೊಂಡು ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. 1903ರಲ್ಲಿ ಲೀಶ್ಮನ್ ಎಂಬ ಸೇನೆಯ ವೈದ್ಯರು, ಮದ್ರಾಸಿನಲ್ಲಿ ಡೊನೊವನ್ ಎಂಬುವರು, ಇಬ್ಬರೂ ಬೇರೆ ಬೇರೆಯಾಗಿ ಕಾಳಾ ಅಜಾರ್ ಜ್ವರದ ರೋಗಿಗಳಲ್ಲಿ ಇಂಥದ್ದನ್ನು ಕಂಡದ್ದಾಗಿ ವರದಿ ಮಾಡಿದರು. ಹೆಸರಿಡುವಾಗ ಜಗಳ ಬೇಡವೆಂದು ರೊನಾಲ್ಡ್ ರಾಸ್ ಇಬ್ಬರ ಹೆಸರನ್ನೂ ಸೇರಿಸಿ ಲೀಶ್ಮೇನಿಯ ಡೊನೊವನಿ ಎಂದು ಕರೆದರು. ಚರ್ಮದ ಹುಣ್ಣು ಮಾಡುವವು ಇದರ ಬಂಧುಗಳು, ಕೆಲವು ಕಡೆ ಇದೇ.

ಇದು ಕೊಡಗಿನ ಕಾಯಿಲೆ ಅಲ್ಲವಲ್ಲ ಅಂತೀರಾ? ರಾಜಸ್ಥಾನದ ಬಿಕಾನೇರ್ ಕಡೆ ಇದೆ. ಹಿಮಾಚಲದ ಸಟ್ಲೆಜ್ ಕಣಿವೆಯಲ್ಲಿದೆ. ನಮ್ಮದೇ ಪಶ್ಚಿಮ ಘಟ್ಟದಲ್ಲಿ, ತಿರುವನಂತಪುರ ಜಿಲ್ಲೆಯ ಅಗಸ್ತ್ಯ ಬೆಟ್ಟದ ಬುಡಕಟ್ಟು ಜನರಲ್ಲೂ ಕಂಡಿದೆ. ಈಗ ಹೇಳಿ, ಕೊಡಗಿನಲ್ಲಿ ಯಾವ ಮನೆಯ ಹುಡುಗ ಸೈನ್ಯದಲ್ಲಿಲ್ಲ? ಮರಳುಗಾಡಿಗೆ ಪೋಸ್ಟಿಂಗ್ ಆಗದೆ ಇರುತ್ತದಾ?

ಅಂಥ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕೈಲ್‌ಪೊಳ್ದ್ ಹಬ್ಬಕ್ಕೆ ಅಂತ ರಜೆ ಮೇಲೆ ಬಂದಿದ್ದ. ಎಡಗೆನ್ನೆಯ ಮೇಲೆ ನಾಲ್ಕಾಣೆ ಅಗಲದ ಹುಣ್ಣು. ಒಂಬತ್ತು ತಿಂಗಳಿನದು. ಏನೋ ಹುಳ ಕಚ್ಚಿದೆ ಅಂತ ಸುಮ್ನೆ ಇದ್ದನಂತೆ. ಮನೆಗೆ ಬಂದ ಮೇಲೆ ಅವನ ಅವ್ವ ಮೊದಲು ಅರಿಶಿನ ಹಚ್ಚಿದರು. ಆಮೇಲೆ ಔಷಧಿ ಅಂಗಡಿಯ ಮುಲಾಮು. ಮೂರು ಟ್ಯೂಬ್ ಮುಗಿಯಿತು. ಅದರಲ್ಲಿ ಒಂದು ಸ್ಟೀರಾಯ್ಡ್ ಮುಲಾಮು, ಹುಣ್ಣು ಇನ್ನೂ ಅಗಲವಾಯಿತು. ಕೊನೆಗೆ ಚೂರು ತೆಗೆಯಬೇಕು ಎಂದಾಗ ಆ ತಾಯಿ ನನ್ನನ್ನೇ ಹುಡುಕಿಕೊಂಡು ಬಂದರು.

“ಡಾಕ್ಟ್ರೇ, ಮದುವೆ ಮಾತು ನಡೀತಾ ಇದೆ. ಮುಖಕ್ಕೆ ಕತ್ತಿ ಹಾಕ್ತೀರಾ?”

“ಅಮ್ಮಾ, ಹುಣ್ಣು ಬಿಡುವ ಗುರುತು ನಾಲ್ಕಾಣೆಯಷ್ಟು. ನಾವು ಬಿಡುವ ಗುರುತು ಮೆಣಸಿನ ಕಾಳಿನಷ್ಟು. ಯಾವುದು ಬೇಕು?” ಎಂದೆ. ಸ್ವಲ್ಪ ಒರಟಾಗಿಯೇ ಹೇಳಿದೆ ಅಂತ ಈಗ ಅನ್ನಿಸುತ್ತದೆ. ಒಪ್ಪಿದರು.

ಚೂರು ತೆಗೆದದ್ದು ಬೇರೆ ಕಡೆ. ಅದು ನನ್ನ ಕೈ ಸೇರಿದ್ದು ಹೇಗೆ ಗೊತ್ತೇ? ಖಾಲಿ ಜೇನಿನ ಬಾಟಲಿಯಲ್ಲಿ, ನೀರಿನಲ್ಲಿ ಮುಳುಗಿಸಿ! ಎರಡು ದಿನ ಯಾರದೋ ಮೇಜಿನ ಮೇಲೆ ಇತ್ತಂತೆ. ಮುಚ್ಚಳ ತೆಗೆದಾಗ ನಮ್ಮ ಟೆಕ್ನಿಷಿಯನ್ ಹೊರಗೆ ಓಡಿದ. ಕೊಳೆತ ಚರ್ಮದಲ್ಲಿ ನಾನು ಏನನ್ನು ಹುಡುಕಲಿ? ಫಾರ್ಮಲಿನ್ ಎಂಬ ದ್ರವ ಇರುವುದೇ ಇದಕ್ಕೆ. ಚೂರಿನ ಹತ್ತು ಪಟ್ಟು ಫಾರ್ಮಲಿನ್ ಹಾಕಿ. ನೀರು ಬೇಡ, ಜೇನು ಬಾಟಲಿ ಬೇಡ. ಆ ಹುಡುಗನಿಗೆ ಎರಡನೇ ಸಲ ಸೂಜಿ, ಎರಡನೇ ಸಲ ಹೊಲಿಗೆ. ರಜೆ ಬೇರೆ ಓಡುತ್ತಿತ್ತು.

ಎರಡನೇ ಚೂರು ಸರಿಯಾಗಿ ಬಂತು. ಹುಣ್ಣಿನ ನಡುವಿನದಲ್ಲ, ಎದ್ದ ಅಂಚಿನದು. ನಡುವೆ ಇರುವುದು ಬರೀ ಸತ್ತ ಕಸ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಅಂಟಿಸಿ, ಮಾಮೂಲಿ ಬಣ್ಣ ಹಾಕಿ ನೋಡಿದೆ. ಊತ ಇದೆ. ಕಾವಲು ಜೀವಕೋಶಗಳ ಗುಂಪು ಇದೆ. ಜೀವಿ ಮಾತ್ರ ಕಾಣುತ್ತಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ. ಅದು ಲೀಶ್ಮೇನಿಯವೋ, ಶಿಲೀಂಧ್ರವೋ, ಬರೀ ಧೂಳೋ? ಹುಣ್ಣು ಹಳೆಯದಾದಷ್ಟೂ ಜೀವಿಗಳು ಕಡಿಮೆ. ಚರ್ಮದ ಕ್ಷಯವೂ ಹೀಗೇ ಕಾಣುತ್ತದೆ. ಕ್ಷಯದ ಮಾತ್ರೆ ತಿಂಗಳುಗಟ್ಟಲೆ ನುಂಗಿಸಿದರೂ ಈ ಹುಣ್ಣಿಗೆ ಏನೂ ಆಗುವುದಿಲ್ಲ.

ಇಲ್ಲಿ ಬರುತ್ತದೆ ಪ್ರತಿಕಾಯದ ಆಟ. ಹಿಂದಿನ ಕಾಲದ ಬೇಟೆ ನೆನಪು ಮಾಡಿಕೊಳ್ಳಿ. ಈಗ ಕಾನೂನು ಬಿಡುವುದಿಲ್ಲ, ನಾನು ಅಜ್ಜಂದಿರ ಕಾಲದ್ದು ಹೇಳುತ್ತಿದ್ದೇನೆ. ಪೊದೆಯೊಳಗೆ ಹಂದಿ ಇದೆಯೋ ಇಲ್ಲವೋ ಕಾಣುವುದಿಲ್ಲ. ಹಂದಿಯ ವಾಸನೆ ಮಾತ್ರ ಹಿಡಿಯುವ ನಾಯಿಯನ್ನು ಬಿಡುತ್ತೀರಿ. ಅದು ಮೊಲದ ಹಿಂದೆ ಹೋಗುವುದಿಲ್ಲ, ಕಾಡುಕೋಳಿಯ ಹಿಂದೆ ಹೋಗುವುದಿಲ್ಲ. ಹಂದಿಯ ಹತ್ತಿರ ಹೋಗಿ ಕಚ್ಚಿ ಹಿಡಿಯುತ್ತದೆ. ಪ್ರತಿಕಾಯ ಅಂದರೆ ಆ ನಾಯಿ. ಸತ್ತ ಲೀಶ್ಮೇನಿಯವನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಅಂಥ ನಾಯಿಗಳು ಹುಟ್ಟುತ್ತವೆ. ಆದರೆ ಕತ್ತಲಲ್ಲಿ ನಾಯಿಯೂ ಕಾಣಬೇಕಲ್ಲ? ಅದಕ್ಕೆ ಮೊಲದ ಪ್ರತಿಕಾಯವನ್ನು ಹಿಡಿಯುವ ಮೇಕೆಯ ಪ್ರತಿಕಾಯ ಕಳಿಸುತ್ತೇವೆ, ಕೈಗೆ ಪಂಜು ಕೊಟ್ಟು. ಪಂಜು ಅಂದರೆ ಒಂದು ಕಿಣ್ವ. ನಮ್ಮ ಮೂಲಂಗಿ, ಸಾಸಿವೆಯ ಕುಲದ ಒಂದು ಖಾರದ ಬೇರಿನಿಂದ ತೆಗೆದದ್ದು. ಅದು ಇದ್ದ ಜಾಗದಲ್ಲಿ ನಾವು ಹಾಕಿದ ರಾಸಾಯನಿಕ ಕಂದು ಬಣ್ಣಕ್ಕೆ ತಿರುಗುತ್ತದೆ. ಮೊಲ, ಮೇಕೆ, ಮೂಲಂಗಿ. ಭಾನುವಾರದ ಅಡುಗೆಯ ಪಟ್ಟಿ ಅಲ್ಲ, ಸ್ವಾಮಿ, ನಮ್ಮ ಲ್ಯಾಬಿನ ಸಾಮಾನು. ಕುಕ್ಕರ್ ಕೂಡ ಇದೆ. ಫಾರ್ಮಲಿನ್ ಮುಚ್ಚಿಬಿಟ್ಟ ಗುರುತುಗಳು ಮತ್ತೆ ತೆರೆದುಕೊಳ್ಳಲಿ ಅಂತ ಗಾಜಿನ ಪಟ್ಟಿಗಳನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುತ್ತೇವೆ.

ಗೆಳೆಯರೊಬ್ಬರ ಲ್ಯಾಬಿನಿಂದ ಆ ಪ್ರತಿಕಾಯ ಇರುವ ಮೊಲದ ಸೀರಮ್ ಎರವಲು ತಂದೆವು. ಐಸ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿನಲ್ಲಿ. ಮಾರನೇ ದಿನ ಬಣ್ಣ ಹಾಕಿ ನೋಡಿದರೆ ಕಂದು ಚುಕ್ಕೆಗಳ ಹಬ್ಬ! ಕಾವಲು ಜೀವಕೋಶಗಳ ತುಂಬಾ ಕಂದು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹುಡುಗನ ಮನೆಗೆ ಫೋನ್ ಮಾಡಲು ಹೊರಟಿದ್ದೆ. ಆಗ ಟೆಕ್ನಿಷಿಯನ್ ಮೆಲ್ಲಗೆ, “ಸಾರ್, ಎರಡನೇ ಗಾಜು ನೋಡಿದ್ರಾ?” ಎಂದ. ಎರಡನೇ ಗಾಜಿನಲ್ಲಿ ಅದೇ ಚರ್ಮ ಇರುತ್ತದೆ, ಎಲ್ಲಾ ಹಾಕಿರುತ್ತೇವೆ, ನಾಯಿಯನ್ನು ಮಾತ್ರ ಬಿಟ್ಟಿರುವುದಿಲ್ಲ. ಅಲ್ಲಿ ಬಣ್ಣ ಬರಲೇಬಾರದು. ನೋಡಿದೆ. ಅಲ್ಲೂ ಕಂದು.

ಅದು ಏನು ಗೊತ್ತೇ? ಮೆಲನಿನ್. ನಮ್ಮ ಚರ್ಮದ ಸ್ವಂತ ಬಣ್ಣ. ಹುಣ್ಣಾದ ಕಡೆ ಅದು ಕೆಳಕ್ಕೆ ಸೋರುತ್ತದೆ, ಅದೇ ಕಾವಲು ಜೀವಕೋಶಗಳು ಅದನ್ನೂ ನುಂಗುತ್ತವೆ. ನಮ್ಮಂಥ ಬಣ್ಣದ ಜನರಿಗೆ ಕಂದು ಬಣ್ಣದ ಪರೀಕ್ಷೆ ಅಂದರೆ ಕಾಫಿ ಪುಡಿಯಲ್ಲಿ ಕಂದು ಇರುವೆ ಹುಡುಕಿದ ಹಾಗೆ. ಇಷ್ಟು ವರ್ಷ ಸರ್ವಿಸ್ ಆದ ಮೇಲೆ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮತ್ತೆ ಮಾಡಿದೆವು, ಈ ಸಲ ಕೆಂಪು ಬರುವ ರಾಸಾಯನಿಕ ಹಾಕಿ. ಹಿನ್ನೆಲೆಗೆ ಮರದ ಚೆಕ್ಕೆಯಿಂದ ತೆಗೆದ ಹಳೆಯ ನೀಲಿ ಬಣ್ಣ. ಮೊದಲ ಗಾಜಿನಲ್ಲಿ, ಕಂದು ಕಸದ ನಡುವೆ, ಪುಟ್ಟ ಪುಟ್ಟ ದುಂಡು ಕೆಂಪು ಚುಕ್ಕೆಗಳು. ಎಣಿಸಿದೆ, ಇಡೀ ಗಾಜಿಗೆ ಹನ್ನೊಂದು. ಎರಡನೇ ಗಾಜಿನಲ್ಲಿ ಒಂದೂ ಇಲ್ಲ. ನೀಲಿ ಆಕಾಶದಲ್ಲಿ ಹಣ್ಣಾದ ಕಾಫಿ ಕಾಯಿ ತೂಗುತ್ತಿದ್ದ ಹಾಗೆ ಇತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ಹುಣ್ಣಿನ ಸುತ್ತ ಇಂಜೆಕ್ಷನ್ ಕೊಟ್ಟರು. ವಾಸಿಯಾಯಿತು. ಮದುವೆಯೂ ಆಯಿತು, ಊಟಕ್ಕೆ ನಾನೂ ಹೋಗಿದ್ದೆ. ಪಂದಿ ಕರಿ ಚೆನ್ನಾಗಿತ್ತು.

ಸ್ಟುಡಿಯೊ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನನ್ನ ಕೈಯಲ್ಲಿ ಇನ್ನೂ ಎರಡು ಹಾಳೆ ಇದೆ. ಬೇಗ ಬೇಗ ಹೇಳುತ್ತೇನೆ.

“ರಕ್ತ ಪರೀಕ್ಷೆ ಮಾಡಿಸಿದೆ, ನಾರ್ಮಲ್” ಅಂತ ಬರುತ್ತೀರಿ. ಜೀವಿ ಇರುವುದು ಚರ್ಮದಲ್ಲಿ, ರಕ್ತದಲ್ಲಿ ಹುಡುಕಿದರೆ ಹೇಗೆ? ಕಳ್ಳ ಕಣದಲ್ಲಿದ್ದರೆ ಅಟ್ಟದಲ್ಲಿ ಹುಡುಕುತ್ತೀರಾ? ಮೆಣಸಿನ ಕಾಳಿನಷ್ಟು ಚರ್ಮ ಕೊಡಿ.

ತೋಟದ ಮಾಲೀಕರಿಗೆ ಒಂದು ಮಾತು. ನಿಮ್ಮ ಲೈನ್ ಮನೆಗಳಲ್ಲಿ ಜಾರ್ಖಂಡ್, ಬಂಗಾಳದ ಕಡೆಯ ಜನ ಇದ್ದಾರೆ. ಆ ಕಡೆ ಕಾಳಾ ಅಜಾರ್ ಬಂದು ಹೋದವರಲ್ಲಿ ಕೆಲವರಿಗೆ ವರ್ಷಗಳ ನಂತರ ಮೈಮೇಲೆ ತಿಳಿ ಮಚ್ಚೆಗಳು ಏಳುತ್ತವೆ. ನೋಡಿದವರು ಕುಷ್ಠ ಅಂದುಬಿಡುತ್ತಾರೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಮುಟ್ಟಿದ್ದು ತಿಳಿಯುವುದಿಲ್ಲ, ಇದರಲ್ಲಿ ತಿಳಿಯುತ್ತದೆ. ಮುಟ್ಟಿದರೆ ಹರಡುವ ಕಾಯಿಲೆಯೂ ಅಲ್ಲ. ದಯವಿಟ್ಟು ಅವರನ್ನು ಊರಿಗೆ ಓಡಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಆ ಮಚ್ಚೆಗಳಲ್ಲಿ ಜೀವಿಗಳು ತೀರಾ ಕಡಿಮೆ. ಬಣ್ಣದ ಪರೀಕ್ಷೆ ನಿಜವಾಗಿ ಬೇಕಾಗುವುದು ಅಲ್ಲಿಯೇ.

ನನ್ನಂಥ ಲ್ಯಾಬಿನವರು ಯಾರಾದರೂ ಕೇಳುತ್ತಿದ್ದರೆ: ಸಿಡಿ1ಎ ಎಂಬ ಪ್ರತಿಕಾಯ ನಿಮ್ಮ ಫ್ರಿಜ್ಜಿನಲ್ಲಿ ಬೇರೆ ಕೆಲಸಕ್ಕೆ ಇಟ್ಟಿರಬಹುದು. ಅದರಲ್ಲಿ ಎಂಟಿಬಿ1 ಎಂಬ ಬಗೆ ಲೀಶ್ಮೇನಿಯಕ್ಕೂ ಅಂಟಿಕೊಳ್ಳುತ್ತದೆ. ಎರವಲಿಗೆ ರಾತ್ರಿ ಬಸ್ಸು ಹಿಡಿಯುವ ಮೊದಲು ಅದನ್ನು ಹಾಕಿ ನೋಡಿ. ಎರಡನೇ ಗಾಜನ್ನೂ ನೋಡಿ.

ಮರಳು ನೊಣದ ಬಗ್ಗೆ ಹೇಳಲು ಸಮಯ ಇಲ್ಲ. ಗೋಡೆಯ ಬಿರುಕು ಮುಚ್ಚಿ, ಕೊಟ್ಟಿಗೆ ಒಣಗಿರಲಿ, ಅಷ್ಟೇ.

ಹಾಂ, ಬಾಟಲಿ. ಫಾರ್ಮಲಿನ್ ಬಾಟಲಿಯ ಮೈಮೇಲೆ ರೋಗಿಯ ಹೆಸರು ಬರೆಯಿರಿ. ಮುಚ್ಚಳದ ಮೇಲಲ್ಲ. ಮುಚ್ಚಳ ಅದಲು ಬದಲಾಗುತ್ತದೆ. ನಮಸ್ಕಾರ.