ಮಿತ ಬಜೆಟ್‌ನಲ್ಲಿ ಒಳ್ಳೆ ಪಿಸ್ತೂಲ್: ಅಂಗಡಿಯಲ್ಲಿ ಏನು ನೋಡಬೇಕು?

ನಮಸ್ಕಾರ. ಕೈಯಲ್ಲಿ ಲೈಸೆನ್ಸ್ ಇದೆ. ಲಕ್ಷದಿಂದ ಎರಡು ಲಕ್ಷದೊಳಗೆ ಖರ್ಚು ಮಾಡುವ ಮನಸ್ಸೂ ಇದೆ. ಆದರೆ ಯಾವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲ್ (ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು, ಮುಂದಿನದು ತಾನಾಗಿಯೇ ತುಂಬಿಕೊಳ್ಳುವಂಥದ್ದು) ತಗೊಳ್ಳಬೇಕು ಅಂತ ಗೊತ್ತಾಗುತ್ತಿಲ್ಲ. ಮೈಸೂರು, ಮಂಡ್ಯ ಕಡೆ ಈ ಗೊಂದಲದಲ್ಲಿ ಇರುವವರಿಗಾಗಿಯೇ ಈ ವಿಡಿಯೋ.

ಪಿಸ್ತೂಲ್ ಅಂತ ಹುಡುಕಿದರೆ ಬರುವುದೆಲ್ಲ ಅಮೆರಿಕದವರ ವಿಡಿಯೋ. ಅದರಲ್ಲಿ ಹೊಗಳುವ ಮಾಲು ಬಹುಪಾಲು 9 ಎಂಎಂ. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್, ಅಂದರೆ ನಿಷೇಧಿತ ನಳಿಗೆ ಅಳತೆ. ಸಾಮಾನ್ಯ ಲೈಸೆನ್ಸ್‌ಗೆ ಅದು ಬರುವುದೇ ಇಲ್ಲ. ವಿದೇಶಿ ಕೋವಿಗಳನ್ನು ಜನಸಾಮಾನ್ಯರು ತರಿಸಿಕೊಳ್ಳುವುದಕ್ಕೂ 1980ರ ದಶಕದಿಂದಲೇ ತಡೆ ಇದೆ. ಕ್ರೀಡಾ ಶೂಟರ್‌ಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಆ ವಿಡಿಯೋಗಳ ಪಟ್ಟಿ ನಮ್ಮ ಉಪಯೋಗಕ್ಕೆ ಬರುವುದಿಲ್ಲ. ನಮಗೆ ಮುಖ್ಯವಾಗಿ ಉಳಿಯುವುದು .32 ಬೋರ್.

(ಪರದೆಯ ಮೇಲೆ: .32 ಎಸಿಪಿ, ಅಂದರೆ ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್ ಗುಂಡು = 7.65 ಎಂಎಂ)

ಇದು ಅಮೆರಿಕದ ಆಯುಧ ವಿನ್ಯಾಸಕಾರ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಗುಂಡು. ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪಿಸ್ತೂಲ್‌ಗೆ ಅಂತ ಮಾಡಿದ್ದು. ಚಿಕ್ಕ ಗುಂಡು, ಕೈಗೆ ಹೊಡೆತ ಕಮ್ಮಿ. ಗುರಿ ಹಿಡಿದು ಎರಡನೇ ಸಲ ಹೊಡೆಯುವುದು ಸುಲಭ. ಶಕ್ತಿ 9 ಎಂಎಂನಷ್ಟು ಇಲ್ಲ, ನಿಜ. ಆದರೆ ಸರಿಯಾಗಿ ನಡೆಯುವ .32, ಅಭ್ಯಾಸ ಇರುವ ಕೈಯಲ್ಲಿ, ಆತ್ಮರಕ್ಷಣೆಯ ಕೆಲಸಕ್ಕೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಲೈಸೆನ್ಸ್ ಇನ್ನೂ ಇಲ್ಲದವರಿಗೆ ಎರಡೇ ಮಾತು. ಮೈಸೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಬೇಕು, ಮಂಡ್ಯದವರು ಡಿಸಿ ಕಚೇರಿಗೆ. ವಯಸ್ಸು 21 ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕು. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್‌ನ ಅವಧಿ 5 ವರ್ಷ, ಒಬ್ಬರ ಹತ್ತಿರ ಇರಬಹುದಾದ ಕೋವಿಗಳು ಎರಡು. ಮನೆಯಲ್ಲಿ ಆಗಲೇ ತಾತನ ಕಾಲದ ಜೋಡಿ ನಳಿಗೆ ಕೋವಿ ನಿಮ್ಮ ಹೆಸರಿನಲ್ಲಿದ್ದರೆ, ಪಿಸ್ತೂಲ್‌ಗೆ ಜಾಗ ಒಂದೇ ಉಳಿದಿದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಮಂಡ್ಯದ ಕಬ್ಬಿನ ಗದ್ದೆಯವರಿಗೆ. ಹಂದಿ ಕಾಟ, ಚಿರತೆ ಭಯ ಅಂತ ಪಿಸ್ತೂಲ್ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಚಿರತೆ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿರುವ ಪ್ರಾಣಿ. ಚಿಕ್ಕ ಪಿಸ್ತೂಲ್ ಗುಂಡಿನಿಂದ ಗಾಯಗೊಂಡ ಹಂದಿ ಗದ್ದೆಯಲ್ಲಿ ಕೆಲಸ ಮಾಡುವವರ ಮೇಲೆಯೇ ತಿರುಗಿ ಬೀಳುತ್ತದೆ. ಆ ಸಮಸ್ಯೆ ಹೇಳಿಕೊಳ್ಳಬೇಕಾದ್ದು ಅರಣ್ಯ ಇಲಾಖೆಯ ಹತ್ತಿರ.

ಈಗ ಮಾರುಕಟ್ಟೆಗೆ ಬರೋಣ. ಹೊಸದರಲ್ಲಿ ಹೆಚ್ಚಾಗಿ ಕಾಣುವುದು ಸರ್ಕಾರಿ ಆರ್ಡ್‌ನೆನ್ಸ್ (ಆಯುಧ) ಕಾರ್ಖಾನೆಗಳ .32 ಪಿಸ್ತೂಲ್. ಅಶನಿ ಅನ್ನುವ ಹೆಸರು ನೀವು ಕೇಳಿರುತ್ತೀರಿ. ಈ ಕಾರ್ಖಾನೆಗಳು 2021ರ ಅಕ್ಟೋಬರ್‌ನಲ್ಲಿ ಕಂಪನಿಗಳಾದವು. ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಈಗ ಸಣ್ಣ ಆಯುಧಗಳ ಕಡೆ ನೋಡಿಕೊಳ್ಳುತ್ತದೆ. ಖಾಸಗಿಯವರೂ ಬರುತ್ತಿದ್ದಾರೆ. ಬ್ರೆಜಿಲ್‌ನ ಟಾರಸ್ ಜಿಂದಾಲ್ ಜೊತೆ ಸೇರಿ ಹರಿಯಾಣದ ಹಿಸ್ಸಾರ್‌ನಲ್ಲಿ ಕಾರ್ಖಾನೆ ಮಾಡಿದೆ. ಇದೆಲ್ಲ ಒಳ್ಳೆಯದೇ. ಆಯ್ಕೆ ಜಾಸ್ತಿ ಆದಷ್ಟೂ ಗುಣಮಟ್ಟ ಏರುತ್ತದೆ.

ಹಳೇದರಲ್ಲಿ ವಾಲ್ಥರ್ ಪಿಪಿಕೆ, ಬ್ರೌನಿಂಗ್, ಬೆರೆಟ್ಟಾ, ಜೆಕ್ ದೇಶದ ಸಿಝಡ್ ಇಂಥವು ಕೈ ಬದಲಾಗುತ್ತಿರುತ್ತವೆ. ಹೊಸದಾಗಿ ಬರುವ ದಾರಿ ಮುಚ್ಚಿರುವುದರಿಂದ ಬೆಲೆ ಹಲವು ಲಕ್ಷಕ್ಕೆ ಹೋಗುತ್ತದೆ. ಆ ದುಡ್ಡಿನಲ್ಲಿ ದೊಡ್ಡ ಪಾಲು ಹೆಸರಿಗೆ ಕೊಡುವುದು. ಎಷ್ಟೋ ಪಿಸ್ತೂಲ್‌ಗಳಿಗೆ ಐವತ್ತು ವರ್ಷ ದಾಟಿರುತ್ತದೆ, ಸ್ಪ್ರಿಂಗ್ ಸಿಗುವುದಿಲ್ಲ, ಇನ್ನೊಂದು ಮ್ಯಾಗಜೀನ್ (ಗುಂಡು ತುಂಬಿ ಹಿಡಿಯೊಳಗೆ ಹಾಕುವ ಡಬ್ಬಿ) ಅಂತೂ ಸಿಗುವುದೇ ಇಲ್ಲ. ನಮ್ಮ ಬಜೆಟ್‌ಗೆ ಹೊಸ ದೇಶಿ ಪಿಸ್ತೂಲೇ ಸರಿ ಅಂತ ನಾನು ನೇರವಾಗಿ ಹೇಳುತ್ತೇನೆ.

ದರ ಕೇಳುವಾಗ ಜಿಎಸ್‌ಟಿ ಸೇರಿಸಿ ಎಷ್ಟು ಅಂತಲೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲ್, ರಿವಾಲ್ವರ್ ಮೇಲಿನ ತೆರಿಗೆ ಶೇ. 28ರಿಂದ 40ಕ್ಕೆ ಏರಿದೆ. ಹಳೇ ವಿಡಿಯೋಗಳಲ್ಲಿ ನೋಡಿದ ದರ ನಂಬಿ ಹೋದರೆ ಅಂಗಡಿಯಲ್ಲಿ ಬೆಚ್ಚಿಬೀಳುತ್ತೀರಿ.

ಸರಿ, ಅಂಗಡಿಯವರು ಪಿಸ್ತೂಲ್ ಮುಂದಿಟ್ಟರು. ಈಗ ಏನು ಮಾಡಬೇಕು? ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಪಿಸ್ತೂಲ್ ಒಂದೇ ಥರ ಇರುವುದಿಲ್ಲ. ಆದ್ದರಿಂದ ಹೆಸರು ನೋಡಿ ಒಪ್ಪಿಕೊಳ್ಳಬೇಡಿ. ಎರಡು ಮೂರು ಪೀಸ್ ತೋರಿಸಿ ಅಂತ ಕೇಳಿ. ಸಂಕೋಚ ಪಡಬೇಡಿ.

(ದೃಶ್ಯ: ಮೇಜಿನ ಮೇಲೆ ಖಾಲಿ ಪಿಸ್ತೂಲ್, ಪಕ್ಕದಲ್ಲಿ ಹೊರತೆಗೆದ ಮ್ಯಾಗಜೀನ್)

ಮೊದಲು ಮ್ಯಾಗಜೀನ್ ಹೊರಗೆ. ಆಮೇಲೆ ಸ್ಲೈಡ್, ಅಂದರೆ ಪಿಸ್ತೂಲ್‌ನ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ. ಈ ಕ್ರಮ ತಿರುಗಿಸಬೇಡಿ. ಮ್ಯಾಗಜೀನ್ ಒಳಗಿಟ್ಟುಕೊಂಡು ಸ್ಲೈಡ್ ಎಳೆದರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಚೇಂಬರ್‌ಗೆ ಹೋಗಿ ಕೂರುತ್ತದೆ. "ಖಾಲಿ ಮಾಡಿದ್ದೆ" ಅನ್ನುವ ಎಷ್ಟೋ ಅನಾಹುತಗಳ ಹಿಂದೆ ಇರುವುದು ಇದೇ ತಪ್ಪು.

ಸ್ಲೈಡ್ ಎಳೆಯುವಾಗ ಕೈಗೆ ಏನು ಅನ್ನಿಸುತ್ತದೆ ಗಮನಿಸಿ. .32 ಪಿಸ್ತೂಲ್‌ಗಳು ಬಹುಪಾಲು ಬ್ಲೋಬ್ಯಾಕ್. ಅಂದರೆ ಗುಂಡು ಹಾರುವಾಗ ಸ್ಲೈಡನ್ನು ಹಿಡಿದಿಡುವುದು ಅದರ ತೂಕ ಮತ್ತು ಸ್ಪ್ರಿಂಗ್ ಅಷ್ಟೇ, ಬೇರೆ ಬೀಗ ಇಲ್ಲ. ಅದಕ್ಕೇ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಎಳೆಯುವಾಗ ಮಧ್ಯೆ ಎಲ್ಲೂ ಕಚ್ಚಬಾರದು, ಬಿಟ್ಟಾಗ ಪೂರ್ತಿ ಮುಂದೆ ಹೋಗಿ ಟಪ್ ಅಂತ ಕೂರಬೇಕು. ಅರ್ಧದಲ್ಲಿ ನಿಧಾನ ಆದರೆ ಆ ಪೀಸ್ ಬೇಡ. ಮನೆಯಲ್ಲಿ ಹೆಂಡತಿಯ ಹೆಸರಿನಲ್ಲೋ ವಯಸ್ಸಾದ ಅಪ್ಪನ ಹೆಸರಿನಲ್ಲೋ ಲೈಸೆನ್ಸ್ ಇದ್ದರೆ ಅವರನ್ನೇ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಎಳೆಸಿ ನೋಡಿ. ಅವರಿಗೆ ಆಗದಿದ್ದರೆ ಆ ಪಿಸ್ತೂಲ್ ಎಷ್ಟೇ ಚೆನ್ನಾಗಿದ್ದರೂ ಅವರದಲ್ಲ.

ಮುಂದೆ ನಳಿಗೆ. ಸ್ಲೈಡ್ ಹಿಂದೆ ನಿಲ್ಲಿಸಿ, ಚೇಂಬರ್ ಹತ್ತಿರ ಬಿಳಿ ಕಾಗದ ಹಿಡಿದು ಬೆಳಕಿಗೆ ತಿರುಗಿಸಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ, ಕೊನೆಯವರೆಗೂ ಒಂದೇ ಸಮ ಕಾಣಬೇಕು. ಕಪ್ಪು ಚುಕ್ಕೆ, ತೂತು ತೂತಾದ ತುಕ್ಕು ಕಂಡರೆ ಅದು ಒರೆಸಿದರೆ ಹೋಗುವಂಥದ್ದಲ್ಲ. ಚೇಂಬರ್ ಕೆಳಗೆ ಗುಂಡು ಜಾರಿ ಮೇಲೆ ಹೋಗುವ ಇಳಿಜಾರು ಇದೆಯಲ್ಲ, ಅದು ನುಣ್ಣಗಿರಬೇಕು. ದೇಶಿ ಪಿಸ್ತೂಲ್‌ನಲ್ಲಿ ಫಿನಿಶಿಂಗ್ ಒರಟು ಅನ್ನುವ ದೂರು ಬರುವುದು ಇಂಥ ಜಾಗದಲ್ಲೇ. ಹೊರಗಿನ ಬಣ್ಣದ ಗೀರು ಬೇಕಾದರೆ ಬಿಟ್ಟುಬಿಡಿ, ಇದನ್ನು ಬಿಡಬೇಡಿ.

ಆಮೇಲೆ ಮ್ಯಾಗಜೀನ್. ಅರ್ಧಕ್ಕರ್ಧ ಜಾಮ್‌ಗಳಿಗೆ ಕಾರಣ ಇಲ್ಲೇ ಸಿಗುತ್ತದೆ ಅಂದರೂ ತಪ್ಪಾಗಲಾರದು. ಗುಂಡನ್ನು ಹಿಡಿದಿಡುವ ಮೇಲಿನ ಎರಡು ತುಟಿಗಳು ಒಂದೇ ಅಗಲ ಇರಬೇಕು, ಎಲ್ಲೂ ಬಾಗಿರಬಾರದು. .32 ಗುಂಡಿನ ಹಿಂಬದಿಯಲ್ಲಿ ಚೂರೇ ಚೂರು ಹೊರಚಾಚಿದ ಅಂಚು ಇದೆ. ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಹೋದರೆ ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಪಿಸ್ತೂಲ್ ನಿಂತೇಹೋಗುತ್ತದೆ, ಸುಮ್ನೆ ಸ್ಲೈಡ್ ಎಳೆದರೂ ಸರಿಹೋಗುವುದಿಲ್ಲ. ಎರಡನೇ ಮ್ಯಾಗಜೀನ್ ಅದೇ ದಿನ, ಅದೇ ಅಂಗಡಿಯಲ್ಲಿ ತಗೊಳ್ಳಿ. ನಿಮ್ಮ ಬಜೆಟ್ ಮುಗಿಯುತ್ತಿದೆ ಅಂದರೆ ಪಿಸ್ತೂಲ್ ಒಂದು ದರ್ಜೆ ಕಮ್ಮಿ ಆದರೂ ಸರಿ, ಮ್ಯಾಗಜೀನ್ ಮತ್ತು ಗಟ್ಟಿ ಲಾಕರ್‌ಗೆ ದುಡ್ಡು ಉಳಿಸಿ.

ಟ್ರಿಗರ್ ಎಳೆದು ನೋಡುವ ಮುಂಚೆ ಅಂಗಡಿಯವರನ್ನು ಕೇಳಿ. ಒಪ್ಪಿದರೆ ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಸೇಫ್ಟಿ ಹಾಕಿ ಎಳೆಯಿರಿ. ಏನೂ ಆಗಬಾರದು. ಆಮೇಲೆ ಟ್ರಿಗರ್‌ನಿಂದ ಬೆರಳು ತೆಗೆದು, ಸೇಫ್ಟಿ ತೆಗೆದಾಗ ಹ್ಯಾಮರ್ ಬಿದ್ದು "ಟಕ್" ಅನ್ನಬಾರದು. ಹಾಗೆ ಆದರೆ, ಅಂಗಡಿಯವರು ರಿಪೇರಿ ಮಾಡಿಕೊಡುತ್ತೇವೆ ಅಂದರೂ ಬೇಡ ಅನ್ನಿ.

ಗುಂಡು ಕೊಳ್ಳುವಾಗ ಒಂದು ಎಚ್ಚರ. ರಿವಾಲ್ವರ್‌ನವರೂ .32 ಅಂತಾರೆ, ಪಿಸ್ತೂಲ್‌ನವರೂ .32 ಅಂತಾರೆ. ಎರಡೂ ಬೇರೆ ಬೇರೆ. ರಿವಾಲ್ವರ್‌ನದು ಉದ್ದ, ಹಿಂದೆ ಅಗಲವಾದ ಅಂಚು. ಪಿಸ್ತೂಲ್‌ನದು ಗಿಡ್ಡ. ಡಬ್ಬಿಯ ಮೇಲೆ 7.65 ಎಂಎಂ ಪಿಸ್ತೂಲ್ ಅಂತ ಓದಿಯೇ ತಗೊಳ್ಳಿ. ವರ್ಷಕ್ಕೆ ಎಷ್ಟು, ಒಂದು ಸಲಕ್ಕೆ ಎಷ್ಟು ಅನ್ನುವುದು ನಿಮ್ಮ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಅದರಲ್ಲಿ ಒಂದು ಪಾಲನ್ನು ರೇಂಜ್‌ನಲ್ಲಿ ಅಭ್ಯಾಸಕ್ಕೆ ಖರ್ಚು ಮಾಡಿ. ಗುಂಡು ದುಬಾರಿ ಅನ್ನಿಸಿದರೆ .177 ಏರ್ ಪಿಸ್ತೂಲ್‌ನಲ್ಲಿ ಕೈ ಪಳಗಿಸಿಕೊಳ್ಳಬಹುದು. ಶಕ್ತಿ 20 ಜೌಲ್‌ಗಿಂತ ಕಮ್ಮಿ ಇದ್ದರೆ ಅದಕ್ಕೆ ಲೈಸೆನ್ಸ್ ಬೇಕಿಲ್ಲ.

ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಪಿಸ್ತೂಲ್ ಮೇಲಿನ ನಂಬರ್, ಅವರ ಲೈಸೆನ್ಸ್‌ನ ನಂಬರ್ ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಂಬರ್ ಉಜ್ಜಿದ ಹಾಗೆ ಕಂಡರೆ ಕೈಯಲ್ಲೂ ಮುಟ್ಟಬೇಡಿ. ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು. "ದುಡ್ಡು ಕೊಡು, ಕಾಗದ ಆಮೇಲೆ ನೋಡೋಣ" ಅನ್ನುವ ವ್ಯವಹಾರ ಇಲ್ಲಿ ನಡೆಯುವುದಿಲ್ಲ.

ಕೊನೆಯದಾಗಿ ನಮ್ಮ ಕಡೆಯ ಎರಡು ವಿಷಯ. ಆಯುಧಪೂಜೆ ದಿನ ಕೋವಿಗೆ ಅರಿಶಿನ ಕುಂಕುಮ ಇಡುತ್ತೇವೆ, ಅಲ್ವಾ? ಇಡಿ, ಖಂಡಿತ ಇಡಿ. ಆದರೆ ಹಿಡಿಯ ಮೇಲೆ ಇಡಿ, ಸ್ಲೈಡ್ ಸಂದಿಗೆ ಬೇಡ. ಒದ್ದೆ ಕುಂಕುಮ ಉಕ್ಕಿನ ಮೇಲೆ ರಾತ್ರಿ ಕಳೆದರೆ ಬೆಳಿಗ್ಗೆ ತುಕ್ಕಿನ ಗುರುತು ಕಾಣಬಹುದು. ಪೂಜೆ ಮುಗಿದ ಸಂಜೆಯೇ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿ. ಖುಷಿಗೆ ಅಂತ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಎರಡನೆಯದು ಚುನಾವಣೆ. ನೀತಿಸಂಹಿತೆ ಬಂದಾಗ ಆಯುಧ ಠೇವಣಿ ಇಡಲು ಹೇಳುತ್ತಾರೆ. ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ತಿಂಗಳುಗಟ್ಟಲೆ ಕೂರುತ್ತದೆ. ಕೊಡುವ ಮುಂಚೆ ನಳಿಗೆ ಒಳಗೂ ಹೊರಗೂ ಎಣ್ಣೆ ಹಚ್ಚಿ, ಎಣ್ಣೆಬಟ್ಟೆಯಲ್ಲಿ ಸುತ್ತಿ. ಚರ್ಮದ ಕವರ್‌ನಲ್ಲಿ ಇಟ್ಟು ಕೊಡಬೇಡಿ, ಚರ್ಮ ತೇವ ಎಳೆಯುತ್ತದೆ. ನಂಬರ್, ಮ್ಯಾಗಜೀನ್ ಎಷ್ಟು, ಗುಂಡು ಎಷ್ಟು ಅನ್ನುವುದೆಲ್ಲ ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸ್ ತಗೊಳ್ಳುವಾಗ ಅಲ್ಲೇ, ಕೌಂಟರ್ ಬಿಡುವ ಮುಂಚೆಯೇ, ಮತ್ತೆ ಚೇಂಬರ್ ತೆಗೆದು ನೋಡಿ.